ಅಂಬಿಗನ ಧರ್ಮ

ಒಂದು ವಸ್ತುವನ್ನು ಇಲ್ಲಿಂದ ಅಲ್ಲಿಗೆ ಮುಟ್ಟಿಸುವುದನ್ನೇ ವೃತ್ತಿಯಾಗಿ ಮಾಡಿಕೊಂಡವನಿಗೆ, ಆ ವಸ್ತು ಯಾರದು, ಕಳಿಸಿದವನು ತನಗೆ ಬೇಕಾದವನೋ ಬೇಡವಾದವನೋ ಎಂದು ನೋಡಿ ಬೇರೆಬೇರೆಯಾಗಿ ನಡೆದುಕೊಳ್ಳುವ ಅಧಿಕಾರವುಂಟೆ? ಪ್ರಶ್ನೆ ಹಳೆಯದು. ಬಂಡಿಯವನ ಕಾಲದಲ್ಲಿಯೂ ಇತ್ತು, ದೋಣಿಯವನ ಕಾಲದಲ್ಲಿಯೂ ಇತ್ತು, ಅಂಚೆ ತಂತಿಗಳ ಕಾಲದಲ್ಲಿಯೂ ಇತ್ತು. ಇಂದು ಅದು ಅಂತರ್ಜಾಲದ ವೇಷ ತೊಟ್ಟು ನಮ್ಮ ಮನೆಯೊಳಗೇ ಬಂದು ಕುಳಿತಿದೆ. ‘ನೆಟ್ ನ್ಯೂಟ್ರಾಲಿಟಿ’ ಎಂಬ ಹೆಸರು ಕೇಳಿದೊಡನೆ, ಇದು ಇಂಜಿನಿಯರುಗಳಿಗೂ ವಕೀಲರಿಗೂ ಸೇರಿದ ವಿಷಯವೆಂದು ಪುಟ ತಿರುವಿಬಿಡುವವರುಂಟು. ಆದರೆ ಮೂಲದಲ್ಲಿ ಇದು ನ್ಯಾಯ ಅನ್ಯಾಯಗಳ ಪ್ರಶ್ನೆ. ಊರು ಬಿಟ್ಟು ಬಂದು ಪರಸ್ಥಳದಲ್ಲಿ ನೆಲಸಿದ ನಮ್ಮಂಥವರಿಗಂತೂ ಬಹಳ ಹತ್ತಿರದ ಪ್ರಶ್ನೆ. ಊರಿನ ಸುದ್ದಿ, ಕನ್ನಡದ ನಾಟಕ, ಯಕ್ಷಗಾನದ ಪ್ರಸಂಗ, ತಂದೆತಾಯಿಯರ ಮುಖ, ಇವೆಲ್ಲ ಇಂದು ನಮ್ಮನ್ನು ಮುಟ್ಟುವುದು ಬಹುಪಾಲು ಈ ಒಂದೇ ಹಾದಿಯಿಂದ.

ಮೊದಲು ಅಂಚೆಯ ಮಾತನ್ನೇ ತೆಗೆದುಕೊಳ್ಳೋಣ. 1854ರಲ್ಲಿ ಭಾರತದಲ್ಲಿ ಅಂಚೆಯ ಹೊಸ ಕಾಯಿದೆ ಬಂದಾಗ ಒಂದು ದೊಡ್ಡ ಮಾರ್ಪಾಡಾಯಿತು. ಅದುವರೆಗೆ ದೂರ ಹೆಚ್ಚಿದಂತೆ ಕಾಗದದ ದರವೂ ಹೆಚ್ಚುತ್ತಿತ್ತು. ಹೊಸ ಕ್ರಮದಲ್ಲಿ ಹಗುರವಾದ ಕಾಗದಕ್ಕೆ ಅರ್ಧ ಆಣೆ. ಅದು ಪಕ್ಕದ ಊರಿಗೆ ಹೋಗಲಿ, ದೇಶದ ಇನ್ನೊಂದು ಮೂಲೆಗೆ ಹೋಗಲಿ, ದರ ಒಂದೇ. ತೂಕ ಹೆಚ್ಚಿದರೆ ಮಾತ್ರ ದರ ಹೆಚ್ಚು. ಕಾಗದ ಸಾಹುಕಾರನದೋ ಕೂಲಿಯವನದೋ ಎಂಬ ವಿಚಾರಣೆ ಅಲ್ಲಿಲ್ಲ. ಮುಂಬಯಿಯ ಹೋಟೆಲಿನಲ್ಲಿ ದುಡಿಯುವ ಹುಡುಗ ತಾಯಿಗೆ ಬರೆದ ಕಾರ್ಡೂ ಆ ಹೋಟೆಲಿನ ಮಾಲೀಕರು ಬರೆದ ಕಾರ್ಡೂ ಒಂದೇ ಚೀಲದಲ್ಲಿ, ಒಂದೇ ರೈಲಿನಲ್ಲಿ, ಒಂದೇ ದಿನ ಊರು ಸೇರುತ್ತಿದ್ದವು. ಇದನ್ನು ನಾವು ಒಂದು ಉಪಕಾರವೆಂದು ಎಂದೂ ಭಾವಿಸಲಿಲ್ಲ. ಅಂಚೆ ಇರಬೇಕಾದದ್ದೇ ಹಾಗೆ ಎಂದು ತಿಳಿದೆವು. ಹಾಗೆ ತಿಳಿದದ್ದೇ ಸರಿ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಪತ್ರಿಕೆಗಳಿಗೆ ಅಂಚೆಯಲ್ಲಿ ರಿಯಾಯಿತಿ ದರ ಬಹುಕಾಲದಿಂದ ಇದೆಯಲ್ಲ, ಅದು ಭೇದಭಾವವಲ್ಲವೆ? ಭೇದವೇನೋ ಹೌದು. ಆದರೆ ಆ ರಿಯಾಯಿತಿ ನೋಂದಣಿಯಾದ ಎಲ್ಲ ಪತ್ರಿಕೆಗಳಿಗೂ ಉಂಟು. ಲಕ್ಷ ಪ್ರತಿ ಅಚ್ಚಾಗುವ ದಿನಪತ್ರಿಕೆಗೂ ಉಂಟು, ಸಂಘದ ಸಣ್ಣ ಮಾಸಪತ್ರಿಕೆಗೂ ಉಂಟು. ಅದನ್ನು ನಿರ್ಧರಿಸಿದವರು ಎಲ್ಲರೂ ಓದಬಹುದಾದ ನಿಯಮ ಮಾಡಿ ನಿರ್ಧರಿಸಿದರು. ಅಂಚೆಯಣ್ಣ ತನ್ನ ಭಾವನ ಪತ್ರಿಕೆಯನ್ನು ಬೆಳಿಗ್ಗೆಯೂ ಉಳಿದವರದನ್ನು ಸಂಜೆಯೂ ಹಂಚಿದರೆ ಆಗ ಅದು ಬೇರೆ ಮಾತು. ತೂಕ ನೋಡಿ ದರ ಕಟ್ಟುವುದು ಲೆಕ್ಕ. ಒಡೆಯನನ್ನು ನೋಡಿ ದರ ಕಟ್ಟುವುದು ಪಕ್ಷಪಾತ. ಇವೆರಡರ ನಡುವಣ ಗೆರೆಯೇ ನಮ್ಮ ಚರ್ಚೆಯ ಆಧಾರ.

*

ಕರಾವಳಿಯಿಂದ ಬಂದ ಹಿರಿಯರಿಗೆ ‘ಕಡವು’ ಎಂಬ ಮಾತನ್ನು ವಿವರಿಸಬೇಕಾಗಿಲ್ಲ. ಸೇತುವೆಗಳು ಬರುವ ಮುಂಚೆ ನೇತ್ರಾವತಿಯನ್ನೋ ಶರಾವತಿಯನ್ನೋ ಕಾಳಿಯನ್ನೋ ದಾಟಬೇಕಾದರೆ ಕಡವಿನ ದೋಣಿಯೇ ಗತಿ. ಆಳಿಗೆ ಇಷ್ಟು, ತಲೆಹೊರೆಗೆ ಇಷ್ಟು, ದನಕ್ಕೆ ಇಷ್ಟು ಎಂದು ಬಾಡಿಗೆ. ಮಳೆಗಾಲದ ಹೊಳೆಯನ್ನು ಈಜಿ ದಾಟುವ ಹಾಗಿಲ್ಲ, ಇನ್ನೊಂದು ದೋಣಿ ಇಲ್ಲ. ಈಗ ಒಂದು ಊಹೆ ಮಾಡೋಣ. ಆಚೆ ದಡದ ಸಂತೆಯಲ್ಲಿ ಅಂಬಿಗನ ಅಳಿಯ ಒಂದು ಅಂಗಡಿ ಇಟ್ಟಿದ್ದಾನೆ. ಅಂಬಿಗ ಹೇಳುತ್ತಾನೆ: “ನನ್ನ ಅಳಿಯನ ಅಂಗಡಿಗೆ ಹೋಗುವವರಿಗೆ ಬಾಡಿಗೆ ಇಲ್ಲ. ಬೇರೆ ಅಂಗಡಿಗೆ ಹೋಗುವವರು ನಾಲ್ಕಾಣೆ ಕೊಡಿ.” ಯಾರನ್ನೂ ಅವನು ತಡೆಯಲಿಲ್ಲ, ಯಾರಿಂದಲೂ ಸುಲಿಯಲಿಲ್ಲ, ಕೆಲವರಿಗೆ ಪುಕ್ಕಟೆ ಸೇವೆಯನ್ನೇ ಕೊಟ್ಟ. ಆದರೂ ಆರು ತಿಂಗಳಲ್ಲಿ ಸಂತೆಯ ಉಳಿದ ಅಂಗಡಿಗಳು ಮುಚ್ಚಿಹೋಗುತ್ತವೆ. ಏಳನೆಯ ತಿಂಗಳು ಅಳಿಯನ ಅಂಗಡಿಯಲ್ಲಿ ಅಕ್ಕಿಯ ಬೆಲೆ ಏರುತ್ತದೆ.

ಈ ಅಂಬಿಗ ತಪ್ಪು ಮಾಡಿದನೆ? ಮಾಡಿದನೆಂದೇ ನಮಗೆಲ್ಲ ಅನ್ನಿಸುತ್ತದೆ. ಆದರೆ ಯಾವುದು ತಪ್ಪು? ದೋಣಿ ಅವನದು, ಹುಟ್ಟು ಅವನದು, ತೋಳಿನ ಬಲ ಅವನದು. ತಪ್ಪು ಇರುವುದು ಇಲ್ಲಿ: ಪ್ರಯಾಣಿಕರಿಗೆ ಬೇರೆ ದೋಣಿ ಇಲ್ಲದಿರುವುದು ಅವನ ಶ್ರಮದಿಂದ ಬಂದ ಗಳಿಕೆಯಲ್ಲ, ಹೊಳೆಯ ದೆಸೆಯಿಂದ ಬಂದ ಅನುಕೂಲ. ಆ ನಿರುಪಾಯತೆಯನ್ನು ಅವನು ಇನ್ನೊಂದು ವ್ಯಾಪಾರಕ್ಕೆ ಬಂಡವಾಳ ಮಾಡಿಕೊಂಡ. ದಾಟಿಸಿದ್ದಕ್ಕೆ ಕೂಲಿ ಕೇಳುವುದು ಅವನ ಹಕ್ಕು. ದಾಟಿದವನು ಎಲ್ಲಿ ಕೊಳ್ಳಬೇಕೆಂಬುದು ಅವನ ಹಕ್ಕಲ್ಲ.

ಹದಿನೇಳನೆಯ ಶತಮಾನದ ಇಂಗ್ಲಿಷ್ ನ್ಯಾಯಾಧೀಶ ಮ್ಯಾಥ್ಯೂ ಹೇಲ್ ಬಂದರು, ಕಡವುಗಳ ವಿಚಾರದಲ್ಲಿ ಇದೇ ತತ್ತ್ವವನ್ನು ಹಿಡಿದಿದ್ದ. ಸಾರ್ವಜನಿಕರೆಲ್ಲ ಅವಲಂಬಿಸಲೇಬೇಕಾದ ಸೌಕರ್ಯ ಒಬ್ಬನ ಕೈಯಲ್ಲಿದ್ದರೆ ಅದು ಬರಿಯ ಖಾಸಗಿ ಆಸ್ತಿಯಾಗಿ ಉಳಿಯುವುದಿಲ್ಲ ಎಂಬುದು ಅವನ ಅಭಿಪ್ರಾಯ. 1877ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಧಾನ್ಯದ ಉಗ್ರಾಣಗಳ ಮೊಕದ್ದಮೆಯಲ್ಲಿ ಇದೇ ಮಾತನ್ನು ಆಧಾರವಾಗಿ ಎತ್ತಿಕೊಂಡಿತು. ಅದಕ್ಕೂ ಮುಂಚೆ, 1860ರಲ್ಲಿ, ಪಶ್ಚಿಮ ಕರಾವಳಿಗೆ ತಂತಿ ಎಳೆಯುವ ಕಾಯಿದೆಯನ್ನು ಮಾಡಿದಾಗ ಅಲ್ಲಿನ ಶಾಸನಸಭೆ, ಸರ್ಕಾರದ ಸಂದೇಶಗಳನ್ನು ಬಿಟ್ಟು ಉಳಿದವನ್ನೆಲ್ಲ ಬಂದ ಸರದಿಯಲ್ಲೇ ಪಕ್ಷಪಾತವಿಲ್ಲದೆ ಕಳಿಸಬೇಕೆಂದು ವಿಧಿಸಿತ್ತು.

ಟೆಲಿಫೋನಿನ ಚರಿತ್ರೆಯಲ್ಲಿ ಇನ್ನೊಂದು ಸ್ವಾರಸ್ಯದ ಕಥೆ ಇದೆ. ಕ್ಯಾನ್ಸಸ್ ಸಿಟಿಯಲ್ಲಿ ಆಲ್ಮನ್ ಸ್ಟ್ರೌಜರ್ ಎಂಬವನು ಶವಸಂಸ್ಕಾರದ ಏರ್ಪಾಡು ಮಾಡಿಕೊಡುವ ವೃತ್ತಿಯಲ್ಲಿದ್ದ. ಅದೇ ವೃತ್ತಿಯ ಪ್ರತಿಸ್ಪರ್ಧಿಯೊಬ್ಬನ ಹೆಂಡತಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದು, ತನಗೆ ಬರಬೇಕಾದ ಕರೆಗಳನ್ನು ಗಂಡನಿಗೆ ಜೋಡಿಸುತ್ತಾಳೆ ಎಂದು ಅವನಿಗೆ ಸಂಶಯ ಬಂದಿತಂತೆ. ಆ ರೋಷದಲ್ಲಿ ಅವನು ಆಪರೇಟರೇ ಬೇಡದ ಸ್ವಯಂಚಾಲಿತ ಎಕ್ಸ್‌ಚೇಂಜನ್ನು ಕಂಡುಹಿಡಿದ. ಕಥೆಯ ಮೊದಲ ಭಾಗಕ್ಕೆ ಎಷ್ಟು ಬಣ್ಣ ಹಚ್ಚಲಾಗಿದೆಯೋ, ಆದರೆ 1891ರಲ್ಲಿ ಅವನಿಗೆ ಪೇಟೆಂಟ್ ದೊರೆತದ್ದು ನಿಜ. ಯಂತ್ರಕ್ಕೆ ಗಂಡನಿಲ್ಲ, ಅಳಿಯನಿಲ್ಲ. ಆದ್ದರಿಂದ ಅದು ನಿಷ್ಪಕ್ಷಪಾತಿ ಎಂಬ ನಂಬಿಕೆ ಅಂದಿನದು. ಇಂದು ಆ ನಂಬಿಕೆಯನ್ನು ಮತ್ತೆ ಒರೆಗೆ ಹಚ್ಚಬೇಕಾಗಿದೆ.

*

ಅಂತರ್ಜಾಲದಲ್ಲಿ ಒಂದು ಕಾಗದವಾಗಲಿ ಚಿತ್ರವಾಗಲಿ ಇಡಿಯಾಗಿ ಸಾಗುವುದಿಲ್ಲ. ಅದು ಸಣ್ಣ ಸಣ್ಣ ಪೊಟ್ಟಣಗಳಾಗಿ ಒಡೆಯುತ್ತದೆ. ಒಂದೊಂದರ ಮೇಲೂ ಕಳಿಸಿದವರ, ಪಡೆಯುವವರ ವಿಳಾಸವಿರುತ್ತದೆ. ದಾರಿಯ ಯಂತ್ರಗಳು ವಿಳಾಸ ನೋಡಿ ಮುಂದಕ್ಕೆ ದಾಟಿಸುತ್ತವೆ. ಕೊನೆಯಲ್ಲಿ ನಮ್ಮ ಯಂತ್ರ ಎಲ್ಲವನ್ನೂ ಕೂಡಿಸಿಕೊಳ್ಳುತ್ತದೆ. ಮೊದಮೊದಲು ಈ ಯಂತ್ರಗಳಿಗೆ ವಿಳಾಸವಲ್ಲದೆ ಬೇರೇನನ್ನೂ ನೋಡುವ ಗೊಡವೆ ಇರಲಿಲ್ಲ. ಈಗಿನವು ಪೊಟ್ಟಣ ಸಿನಿಮಾದ್ದೋ ಮಾತುಕತೆಯದೋ, ಯಾವ ಸಂಸ್ಥೆಯದೋ ಎಂದು ಗುರುತಿಸಬಲ್ಲವು. ಗುರುತಿಸಿದ ಮೇಲೆ ಮೂರು ಬಗೆಯಲ್ಲಿ ಪಕ್ಷಪಾತ ಮಾಡಬಹುದು: ಪೂರ್ತಿ ತಡೆಯುವುದು, ಬೇಕೆಂದೇ ನಿಧಾನ ಮಾಡುವುದು, ಕೆಲವಕ್ಕೆ ಬೇರೆ ದರ ವಿಧಿಸುವುದು.

ಮೂರಕ್ಕೂ ನಿದರ್ಶನಗಳಿವೆ. 2005ರಲ್ಲಿ ಅಮೆರಿಕದ ಮ್ಯಾಡಿಸನ್ ರಿವರ್ ಎಂಬ ಟೆಲಿಫೋನ್ ಕಂಪನಿ, ಅಂತರ್ಜಾಲದ ಮೂಲಕ ಅಗ್ಗವಾಗಿ ಮಾತನಾಡುವ ಸೌಕರ್ಯವನ್ನು ತನ್ನ ಗ್ರಾಹಕರಿಗೆ ತಡೆದ ಪ್ರಕರಣ ಅಲ್ಲಿನ ಸಂಪರ್ಕ ಆಯೋಗದ ಮುಂದೆ ಬಂದು, ಕಂಪನಿ 15,000 ಡಾಲರ್ ತೆತ್ತು ರಾಜಿಯಾಯಿತು. 2007ರಲ್ಲಿ ಕಾಮ್‌ಕ್ಯಾಸ್ಟ್ ಕಂಪನಿ ಕಡತಗಳನ್ನು ಹಂಚಿಕೊಳ್ಳುವ ಬಿಟ್‌ಟೊರೆಂಟ್ ಸಂಚಾರಕ್ಕೆ ಅಡ್ಡಿ ಮಾಡಿದ್ದು ಬಯಲಾಯಿತು. ನಮ್ಮಲ್ಲಿ 2014ರ ಡಿಸೆಂಬರಿನಲ್ಲಿ ಏರ್‌ಟೆಲ್, ಅಂತರ್ಜಾಲದ ಕರೆಗಳಿಗೆ ಪ್ರತ್ಯೇಕ ದರ ವಿಧಿಸುವುದಾಗಿ ಸಾರಿ, ಜನ ಸಿಡಿದೆದ್ದ ಮೇಲೆ ಕೈಬಿಟ್ಟಿತು. ‘ನೆಟ್‌ವರ್ಕ್ ನ್ಯೂಟ್ರಾಲಿಟಿ’ ಎಂಬ ಮಾತನ್ನು 2003ರಲ್ಲಿ ಚಲಾವಣೆಗೆ ತಂದವನು ಟಿಮ್ ವೂ ಎಂಬ ಅಮೆರಿಕದ ಕಾನೂನು ಪ್ರಾಧ್ಯಾಪಕ. ಕನ್ನಡದಲ್ಲಿ ಇದನ್ನು ‘ಜಾಲದ ತಾಟಸ್ಥ್ಯ’ ಎನ್ನಬಹುದು. ತಟಸ್ಥ ಎಂದರೆ ದಡದಲ್ಲಿ ನಿಂತವನು. ಅಂಬಿಗ ದಡದಲ್ಲಿ ನಿಲ್ಲುವಂತಿಲ್ಲ, ಹೊಳೆಯ ನಡುವೆಯೇ ಅವನ ಕೆಲಸ. ಆದರೂ ಎರಡು ದಡದವರ ವ್ಯವಹಾರದಲ್ಲಿ ಅವನು ದಡದಲ್ಲಿ ನಿಂತವನಂತೆ ಇರಬೇಕೆಂಬುದೇ ಈ ಮಾತಿನ ಸಾರ.

ಒಂದು ತಪ್ಪು ತಿಳುವಳಿಕೆಯನ್ನು ಇಲ್ಲೇ ಕಳೆಯಬೇಕು. ವೇಗದ ಸಂಪರ್ಕಕ್ಕೆ ಹೆಚ್ಚು, ನಿಧಾನದ್ದಕ್ಕೆ ಕಡಿಮೆ ಹಣ ತೆಗೆದುಕೊಳ್ಳುವುದು ತಾಟಸ್ಥ್ಯಕ್ಕೆ ಭಂಗವಲ್ಲ. ಹಿಂದೆ ಅರ್ಜೆಂಟ್ ತಂತಿಗೆ ಹೆಚ್ಚಿನ ದರವಿತ್ತು. ಕೊಡಲು ಸಿದ್ಧರಿದ್ದ ಯಾರು ಬೇಕಾದರೂ ಕೊಟ್ಟು ಕಳಿಸಬಹುದಾಗಿತ್ತು. ಸಂದೇಶದ ಒಡೆಯ ಯಾರೆಂದು ನೋಡಿ ದರ ಬದಲಾಯಿಸಿದರೆ ಮಾತ್ರ ತಕರಾರು.

*

ಭಾರತದಲ್ಲಿ ಈ ವಾದ ಬೀದಿಗೆ ಬಂದದ್ದು 2015ರಲ್ಲಿ. ಆ ಮಾರ್ಚ್ ತಿಂಗಳಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಒಂದು ಸಮಾಲೋಚನಾ ಪತ್ರವನ್ನು ಹೊರಡಿಸಿ ಜನರ ಅಭಿಪ್ರಾಯ ಕೇಳಿತು. ಇಂಥ ಪತ್ರಗಳಿಗೆ ಸಾಮಾನ್ಯವಾಗಿ ಕಂಪನಿಗಳೂ ಕೆಲವು ತಜ್ಞರೂ ಉತ್ತರ ಬರೆಯುವುದು ವಾಡಿಕೆ. ಈ ಸಲ ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್‌ಗಳು ಹೋದವು. ಸೇರುವ ಸಂಸ್ಥೆಗಳ ಸೇವೆ ಗ್ರಾಹಕರಿಗೆ ಪುಕ್ಕಟೆಯಾಗಿ ಸಿಗುವಂತೆ, ಆ ಖರ್ಚನ್ನು ಸಂಸ್ಥೆಗಳೇ ಭರಿಸುವಂತೆ ಏರ್‌ಟೆಲ್ ರೂಪಿಸಿದ ಏರ್ಪಾಡಿಗೆ ಸೇರಬೇಕೆಂದಿದ್ದ ಫ್ಲಿಪ್‌ಕಾರ್ಟ್, ಏಪ್ರಿಲಿನಲ್ಲಿ ಹಿಂದೆ ಸರಿಯಿತು.

ಅದೇ ವರ್ಷ ಫೇಸ್‌ಬುಕ್ ಸಂಸ್ಥೆ ರಿಲಯನ್ಸ್ ಕಮ್ಯುನಿಕೇಷನ್ಸ್ ಜೊತೆಗೂಡಿ, ಮುಂದೆ ‘ಫ್ರೀ ಬೇಸಿಕ್ಸ್’ ಎಂದು ಹೆಸರಾದ ಯೋಜನೆಯನ್ನು ತಂದಿತು. ಬಡವನಿಗೆ ಅಂತರ್ಜಾಲದ ಕೆಲವು ತಾಣಗಳು ಉಚಿತ. ಅವುಗಳಲ್ಲಿ ಫೇಸ್‌ಬುಕ್ ಒಂದು. ಉಳಿದ ಜಾಲಕ್ಕೆ ಹಣ ಕೊಡಬೇಕು. ಒಳಗೆ ಸೇರಬೇಕಾದ ತಾಣಗಳು ಪಾಲಿಸಬೇಕಾದ ಷರತ್ತುಗಳನ್ನು ಬರೆದದ್ದು ಅದೇ ಸಂಸ್ಥೆ. ಡಿಸೆಂಬರಿನಲ್ಲಿ ದಿನಪತ್ರಿಕೆಗಳಲ್ಲಿ ಪುಟ ತುಂಬ ಜಾಹೀರಾತುಗಳು ಬಂದವು. ಕೊನೆಗೆ 2016ರ ಫೆಬ್ರವರಿ 8ರಂದು ಟ್ರಾಯ್ ತೀರ್ಮಾನ ಕೊಟ್ಟಿತು: ಏನನ್ನು ನೋಡುತ್ತೀರಿ ಎಂಬುದರ ಮೇಲೆ ಡೇಟಾ ದರದಲ್ಲಿ ಭೇದ ಮಾಡಕೂಡದು, ಮಾಡಿದರೆ ದಿನಕ್ಕೆ 50,000 ರೂಪಾಯಿಯಂತೆ, ಗರಿಷ್ಠ 50 ಲಕ್ಷದವರೆಗೆ ದಂಡ. ತುರ್ತು ಸೇವೆಗಳಿಗೆ ಮಾತ್ರ ವಿನಾಯಿತಿ. ಫ್ರೀ ಬೇಸಿಕ್ಸ್ ಭಾರತದಿಂದ ಕಾಲ್ತೆಗೆಯಿತು. ತಡೆಯುವುದನ್ನೂ ನಿಧಾನ ಮಾಡುವುದನ್ನೂ ನಿಷೇಧಿಸುವ ಶಿಫಾರಸುಗಳನ್ನು ಟ್ರಾಯ್ 2017ರ ನವೆಂಬರಿನಲ್ಲಿ ಕೊಟ್ಟಿತು. 2018ರಲ್ಲಿ ಸರ್ಕಾರ ಒಪ್ಪಿ ಪರವಾನಗಿಯ ಷರತ್ತುಗಳಲ್ಲಿ ಸೇರಿಸಿತು.

ಗೆದ್ದೆವು ಎಂದು ಇಲ್ಲಿಗೆ ಮುಗಿಸಿಬಿಡುವುದು ಸುಲಭ. ಆದರೆ ಎದುರುಪಕ್ಷದ ವಾದವನ್ನು ಕೇಳದೆ ಕೊಟ್ಟ ತೀರ್ಪು ತೀರ್ಪಲ್ಲ. ಅವರ ವಾದಗಳಲ್ಲಿ ಎರಡು ನಿಜಕ್ಕೂ ತೂಕದವು.

ಮೊದಲನೆಯದು ಬಡವನ ಹೆಸರಿನಲ್ಲಿ ಬರುವ ವಾದ. “ನಿಮಗೆ ಪೂರ್ಣ ಅಂತರ್ಜಾಲ ಕೊಳ್ಳುವ ಶಕ್ತಿ ಇದೆ. ಏನೂ ಇಲ್ಲದವನಿಗೆ ಸ್ವಲ್ಪವಾದರೂ ಪುಕ್ಕಟೆ ಸಿಗುವಾಗ, ಸಮಾನತೆಯ ಹೆಸರಿನಲ್ಲಿ ಅದನ್ನು ತಪ್ಪಿಸುವ ಅಧಿಕಾರ ನಿಮಗೆ ಯಾರು ಕೊಟ್ಟರು? ಹಸಿದವನಿಗೆ ಅರ್ಧ ರೊಟ್ಟಿ ಬೇಡವೆ?” ಈ ಮಾತು ಮನಸ್ಸಿಗೆ ನಾಟುತ್ತದೆ. 2015ರಲ್ಲಿ ಒಂದು ಜಿಬಿ ಡೇಟಾಕ್ಕೆ ಸುಮಾರು 250 ರೂಪಾಯಿ ಬೀಳುತ್ತಿತ್ತು. ದಿನಗೂಲಿಯವನಿಗೆ ಅದು ಸಣ್ಣ ಮೊತ್ತವಲ್ಲ. ಒಳ್ಳೆಯ ಉದ್ದೇಶದವರೂ ಈ ಹಾದಿ ಹಿಡಿದದ್ದುಂಟು. ಲಾಭದ ಗೊಡವೆಯಿಲ್ಲದ ವಿಕಿಪೀಡಿಯವನ್ನು 2013ರಲ್ಲಿ ಏರ್‌ಸೆಲ್ ಕಂಪನಿ ತನ್ನ ಗ್ರಾಹಕರಿಗೆ ಡೇಟಾ ಖರ್ಚಿಲ್ಲದೆ ಕೊಡತೊಡಗಿತ್ತು. ಜ್ಞಾನವನ್ನು ಪುಕ್ಕಟೆ ಹಂಚಿದರೆ ಅದರಲ್ಲಿ ದೋಷವೇನು?

ದೋಷವಿರುವುದು ಹಂಚಿದ ವಸ್ತುವಿನಲ್ಲಿ ಅಲ್ಲ, ಆರಿಸುವ ಅಧಿಕಾರ ಯಾರ ಕೈಗೆ ಹೋಯಿತು ಎಂಬುದರಲ್ಲಿ. ಹಸಿದವನಿಗೆ ಅರ್ಧ ರೊಟ್ಟಿ ಕೊಟ್ಟರೆ ಅವನ ಹೊಟ್ಟೆ ಅರ್ಧ ತುಂಬುತ್ತದೆ, ಉಳಿದರ್ಧಕ್ಕೆ ಅವನು ಬೇರೆ ಕಡೆ ಹುಡುಕುತ್ತಾನೆ. ಆದರೆ ಅಂತರ್ಜಾಲ ರೊಟ್ಟಿಯಂಥ ವಸ್ತುವಲ್ಲ. ಅದು ಹಾದಿ. ಹಾದಿ ತನಗೆ ತೋರಿಸದೆ ಉಳಿಸಿದ್ದು ಏನು ಎಂಬುದು ಅದರಲ್ಲಿ ನಡೆಯುವವನಿಗೆ ಗೊತ್ತಾಗುವುದಿಲ್ಲ. ಮೊದಲ ಸಲ ಜಾಲಕ್ಕೆ ಬಂದವನು ಆ ಹತ್ತಿಪ್ಪತ್ತು ತಾಣಗಳನ್ನೇ ಜಗತ್ತೆಂದು ತಿಳಿದರೆ ಅದು ಅವನ ತಪ್ಪಲ್ಲ. ಬಹುಪಾಲು ಜನ ಇನ್ನೂ ಜಾಲದ ಹೊರಗಿರುವ ದೇಶದಲ್ಲಿ, ಅವರ ಪ್ರಥಮ ಪರಿಚಯವನ್ನು ರೂಪಿಸುವ ಅಧಿಕಾರವನ್ನು ಕಂಪನಿಗಳ ಕೈಗೆ ಕೊಡಬಾರದೆಂಬುದು ಟ್ರಾಯ್ ಹೇಳಿದ ಕಾರಣಗಳಲ್ಲಿ ಒಂದು.

ಇನ್ನೂ ಒಂದು ಮಾತುಂಟು. ಉಚಿತ ತಾಣಗಳ ಪಟ್ಟಿ ಯಾರು ಮಾಡಿದರೂ ಅದರಲ್ಲಿ ದೊಡ್ಡವರು ಮೊದಲು ಬರುತ್ತಾರೆ. ಧಾರವಾಡದಲ್ಲಿ ಕುಳಿತು ಒಬ್ಬರು ನಡೆಸುವ ಕನ್ನಡ ಪತ್ರಿಕೆ, ಪುತ್ತೂರಿನ ಒಂದು ಯಕ್ಷಗಾನ ಮೇಳದ ಧ್ವನಿಮುದ್ರಿಕೆಗಳು, ಕಲಬುರ್ಗಿಯ ಶಾಲಾ ಶಿಕ್ಷಕರೊಬ್ಬರು ಮಕ್ಕಳಿಗಾಗಿ ಹಾಕಿದ ಗಣಿತದ ಪಾಠ, ಇವು ಯಾವ ಕಂಪನಿಯ ಪಟ್ಟಿಯಲ್ಲೂ ಮೊದಲ ದಿನ ಬರುವುದಿಲ್ಲ. ಇಂಥವರಿಗೆ ಒಪ್ಪಂದ ಮಾಡಿಸುವ ವಕೀಲರಿಲ್ಲ, ಕಚೇರಿ ಅಲೆಯುವ ಗುಮಾಸ್ತರಿಲ್ಲ. ಎಲ್ಲರೊಂದಿಗೆ ಸಮನಾಗಿ ಸರದಿಯಲ್ಲಿ ನಿಲ್ಲುವ ಹಕ್ಕೊಂದೇ ಅವರ ಬಂಡವಾಳ. ಕನ್ನಡದಂಥ ಭಾಷೆಗಳು ಜಾಲದಲ್ಲಿ ಇಷ್ಟಾದರೂ ಕಾಲೂರಿರುವುದು ಆ ಬಂಡವಾಳದಿಂದ.

ಹಾಗಾದರೆ ಬಡವನ ಪ್ರಶ್ನೆಗೆ ಉತ್ತರವೇನು? ಬಡವನಿಗೆ ಕೊಡುವುದಾದರೆ ಇಡೀ ಜಾಲವನ್ನೇ ಸ್ವಲ್ಪ ಪ್ರಮಾಣದಲ್ಲಿ ಪುಕ್ಕಟೆ ಕೊಡಿ. ತಿಂಗಳಿಗೆ ಇಷ್ಟು ಡೇಟಾ ಉಚಿತ, ಅದರಲ್ಲಿ ಅವನು ಏನನ್ನಾದರೂ ನೋಡಲಿ. ಬೇಸಿಗೆಯಲ್ಲಿ ಅರವಟ್ಟಿಗೆ ಇಟ್ಟು ನೀರು ಮಜ್ಜಿಗೆ ಕೊಡುವವರು, ಕುಡಿದವನು ಮುಂದೆ ಯಾವ ಊರಿಗೆ ಹೋಗುತ್ತಾನೆಂದು ಕೇಳುವುದಿಲ್ಲ. ದಾನಕ್ಕೂ ಬಲೆಗೂ ಇರುವ ವ್ಯತ್ಯಾಸ ಅಷ್ಟೆ.

ಎರಡನೆಯ ವಾದ ದಾರಿ ಕಟ್ಟಿದವನದು. “ಸಾವಿರಾರು ಕೋಟಿ ಸುರಿದು ಗೋಪುರ ನೆಟ್ಟವರು ನಾವು, ನೆಲ ಅಗೆದು ಕೇಬಲ್ ಹಾಕಿದವರು ನಾವು. ಅದರ ಮೇಲೆ ಸಿನಿಮಾ ಹರಿಸಿ ಕೋಟಿ ಗಳಿಸುವವರು ಇನ್ಯಾರೋ. ಅವರಿಂದ ಒಂದು ಪಾಲು ಕೇಳಿದರೆ ಅನ್ಯಾಯವೆ?” ಶ್ರಮಕ್ಕೆ ಪ್ರತಿಫಲ ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆ ಕೂಲಿಯನ್ನು ಗ್ರಾಹಕ ಆಗಲೇ ಕೊಟ್ಟಿದ್ದಾನೆ. ಸಿನಿಮಾ ತಾನಾಗಿ ಹರಿದು ಬರಲಿಲ್ಲ. ನೀವೋ ನಾವೋ ಕೇಳಿದ್ದರಿಂದ, ನಾವು ತೆತ್ತ ರೀಚಾರ್ಜಿನ ಮೇಲೆ ಬಂತು. ದೋಣಿಯ ಬಾಡಿಗೆ ಕೊಟ್ಟು ತೆಂಗಿನಕಾಯಿ ತಂದವನ ಎದುರಿನಲ್ಲೇ, ಕಾಯಿ ಮಾರಿದವನ ಹತ್ತಿರವೂ ಅಂಬಿಗ ಬಾಡಿಗೆ ಕೇಳಿದಂತೆ ಇದು. ಅಲ್ಲದೆ ಆ ಅಲೆಗಳು, ಅಂದರೆ ಸ್ಪೆಕ್ಟ್ರಮ್, ಸಾರ್ವಜನಿಕರ ಸೊತ್ತು. ಕಂಪನಿಗಳು ಅದನ್ನು ಹರಾಜಿನಲ್ಲಿ ನಿರ್ದಿಷ್ಟ ಅವಧಿಗೆ ಪಡೆಯುತ್ತವೆ. ಕೇಬಲ್ ಹಾದುಹೋಗುವುದು ನಾವು ನಡೆಯುವ ರಸ್ತೆಯ ಕೆಳಗೆ. ಕಡವನ್ನು ಗುತ್ತಿಗೆ ಹಿಡಿದವನು ಹೊಳೆಯ ಒಡೆಯನಾಗುವುದಿಲ್ಲ.

ದಕ್ಷಿಣ ಕೊರಿಯ ಬೇರೆ ಹಾದಿ ಹಿಡಿಯಿತು. ಸಂಚಾರವನ್ನು ಕಳಿಸುವ ಕಡೆಯ ಜಾಲ ಹಣ ತೆರಬೇಕೆಂಬ ಕ್ರಮ ಅಲ್ಲಿ 2016ರಿಂದ ಬಂತು. ಟ್ವಿಚ್ ಎಂಬ ನೇರಪ್ರಸಾರದ ಸಂಸ್ಥೆ, ಅಲ್ಲಿನ ಜಾಲದ ಶುಲ್ಕ ಭರಿಸಲಾಗದೆಂದು ಹೇಳಿ 2024ರ ಫೆಬ್ರವರಿಯಲ್ಲಿ ಆ ದೇಶದಲ್ಲಿ ಬಾಗಿಲು ಮುಚ್ಚಿತು. ಅದು ಅಮೆಜಾನಿನಂಥ ದೊಡ್ಡ ಸಂಸ್ಥೆಗೆ ಸೇರಿದ್ದು. ಅಂಥದ್ದಕ್ಕೇ ಭರಿಸಲಾಗದ್ದನ್ನು ಸಣ್ಣವರು ಹೇಗೆ ಭರಿಸಿಯಾರು?

*

ಇನ್ನು ಪೈಪೋಟಿಯ ಮಾತು. ಕೆಲವು ಅರ್ಥಶಾಸ್ತ್ರಜ್ಞರು ಹೇಳುವುದಿದು: “ಇಷ್ಟೆಲ್ಲ ನಿಯಮ ಯಾಕೆ? ಕಡವಿನಲ್ಲಿ ಹತ್ತು ದೋಣಿ ಇರಲಿ. ಒಬ್ಬ ಅಂಬಿಗ ತಂಟೆ ಮಾಡಿದರೆ ಜನ ಇನ್ನೊಂದು ದೋಣಿ ಹತ್ತುತ್ತಾರೆ.” ಮಾತು ಸರಿ, ಹತ್ತು ದೋಣಿ ಇದ್ದರೆ. ಆದರೆ ಹೊಳೆ ಅಗಲವಾದಷ್ಟೂ ದೋಣಿ ಕಟ್ಟುವುದು ದುಬಾರಿ. ಕೊನೆಗೆ ದೊಡ್ಡವರಿಬ್ಬರು ಮೂವರೇ ಉಳಿಯುತ್ತಾರೆ. ಅಮೆರಿಕದ ಎಷ್ಟೋ ಊರುಗಳಲ್ಲಿ ಒಳ್ಳೆಯ ವೇಗದ ಸಂಪರ್ಕ ಬೇಕಾದವರಿಗೆ ಇರುವುದು ಒಂದೇ ಕೇಬಲ್ ಕಂಪನಿ. ಅಲ್ಲಿ ನಿಯಮವೂ ಸ್ಥಿರವಾಗಿಲ್ಲ. 2015ರಲ್ಲಿ ಬಂದ ತಾಟಸ್ಥ್ಯದ ನಿಯಮ 2017ರಲ್ಲಿ ರದ್ದಾಯಿತು, 2024ರಲ್ಲಿ ಮರಳಿ ಬಂತು, 2025ರ ಜನವರಿ 2ರಂದು ಮೇಲ್ಮನವಿ ನ್ಯಾಯಾಲಯದಲ್ಲಿ ಬಿದ್ದುಹೋಯಿತು. ಪೈಪೋಟಿಯೂ ಇಲ್ಲ, ದೇಶಕ್ಕೆಲ್ಲ ಒಂದೇ ನಿಯಮವೂ ಇಲ್ಲ ಎಂಬ ಸ್ಥಿತಿ.

ನಮ್ಮ ದೇಶದ ಕಥೆ ಇನ್ನೊಂದು ಬಗೆಯದು. 2016ರಲ್ಲಿ ಹತ್ತಕ್ಕೂ ಹೆಚ್ಚು ಮೊಬೈಲ್ ಕಂಪನಿಗಳಿದ್ದವು. ಆ ಸೆಪ್ಟೆಂಬರ್ 5ರಂದು ಜಿಯೊ ಬಂತು; ತಿಂಗಳುಗಟ್ಟಲೆ ಪುಕ್ಕಟೆ ಕೊಟ್ಟಿತು, ಆಮೇಲೂ ಬಹಳ ಅಗ್ಗವಾಗಿ ಕೊಟ್ಟಿತು. ಡೇಟಾದ ಬೆಲೆ ನೆಲಕ್ಕಿಳಿದದ್ದರಿಂದ ಕೋಟ್ಯಂತರ ಜನಕ್ಕೆ ಉಪಕಾರವಾದದ್ದು ಸುಳ್ಳಲ್ಲ. ರಿಲಯನ್ಸ್ ಕಮ್ಯುನಿಕೇಷನ್ಸ್ 2017ರ ಕೊನೆಗೆ ಮೊಬೈಲ್ ಸೇವೆ ಮುಚ್ಚಿತು. ಏರ್‌ಸೆಲ್ 2018ರಲ್ಲಿ ದಿವಾಳಿಯಾಯಿತು. ಟೆಲಿನಾರ್ ಮತ್ತು ಟಾಟಾದವರ ಮೊಬೈಲ್ ವ್ಯವಹಾರ ಏರ್‌ಟೆಲ್ಲಿನಲ್ಲಿ ಸೇರಿದವು. ವೊಡಾಫೋನೂ ಐಡಿಯಾವೂ 2018ರ ಆಗಸ್ಟಿನಲ್ಲಿ ಒಂದಾದವು. ಈಗ ಉಳಿದಿರುವುದು ಖಾಸಗಿಯವರು ಮೂವರು, ಸರ್ಕಾರದ ಬಿಎಸ್ಸೆನ್ನೆಲ್ ಒಂದು. ಮೂವರಲ್ಲಿ ಒಬ್ಬರಾದ ವಿ ಕಂಪನಿಯಲ್ಲಿ, ಸಾಲ ತೀರಿಸಲಾಗದ ಸ್ಥಿತಿಯಲ್ಲಿ, ಸರ್ಕಾರವೇ 2025ರಲ್ಲಿ ಸುಮಾರು ಅರ್ಧದ ಪಾಲುದಾರನಾಗಬೇಕಾಯಿತು. ಮೊಬೈಲ್ ಇರುವ ಹತ್ತು ಜನರಲ್ಲಿ ಏಳು ಮಂದಿ ಎರಡೇ ಕಂಪನಿಗಳ ಗ್ರಾಹಕರು. 2024ರ ಜುಲೈಯಲ್ಲಿ ಖಾಸಗಿಯವರು ಮೂವರೂ ಕೆಲವೇ ದಿನಗಳ ಅಂತರದಲ್ಲಿ ದರ ಏರಿಸಿದಾಗ ಗ್ರಾಹಕನಿಗೆ ಓಡಿಹೋಗಲು ಜಾಗ ಹೆಚ್ಚಿರಲಿಲ್ಲ.

ಇದರ ನಡುವೆ ಯೋಚನೆಗೆ ಹಚ್ಚುವ ಒಂದು ಸಂಗತಿ ನಡೆಯಿತು. ಜಿಯೊ ಹೊಸದಾಗಿ ಬಂದಾಗ ಅದರ ಗ್ರಾಹಕರು ಬೇರೆ ಕಂಪನಿಗಳ ಗ್ರಾಹಕರಿಗೆ ಮಾಡಿದ ಕರೆಗಳು ದೊಡ್ಡ ಸಂಖ್ಯೆಯಲ್ಲಿ ವಿಫಲವಾದವು. ಸಾಕಷ್ಟು ಜೋಡಣೆಯ ಸೌಕರ್ಯ ಕೊಡಲಿಲ್ಲವೆಂದು 2016ರ ಅಕ್ಟೋಬರಿನಲ್ಲಿ ಟ್ರಾಯ್ ಏರ್‌ಟೆಲ್, ವೊಡಾಫೋನ್, ಐಡಿಯಾಗಳ ಮೇಲೆ ಒಟ್ಟು 3,050 ಕೋಟಿ ರೂಪಾಯಿ ದಂಡಕ್ಕೆ ಶಿಫಾರಸು ಮಾಡಿತು. ಅವರು ಆ ಆರೋಪವನ್ನು ಒಪ್ಪಲಿಲ್ಲ. ಅಂದು ಬಾಗಿಲು ತಟ್ಟುತ್ತಿದ್ದವನು ಇಂದು ಎಲ್ಲರಿಗಿಂತ ದೊಡ್ಡ ಮನೆಯ ಯಜಮಾನ. ಅದೇ ಸಮೂಹದ ಕೈಯಲ್ಲಿ ಈಗ ಕ್ರಿಕೆಟ್ಟು ಸಿನಿಮಾಗಳ ದೊಡ್ಡ ಪ್ರಸಾರ ಸಂಸ್ಥೆಯೂ ಇದೆ. ಆಚೆ ದಡದಲ್ಲಿ ಅಂಬಿಗನೇ ಅಂಗಡಿ ತೆರೆದಂತಾಯಿತು. ಅಂಗಡಿ ತೆರೆಯುವುದು ತಪ್ಪಲ್ಲ. ಆದರೆ ತೆರೆದ ಮೇಲೆ ದೋಣಿಯ ಮೇಲೆ ಹೆಚ್ಚಿನ ನಿಗಾ ಬೇಕು.

ಜಾನ್ ರಾಲ್ಸ್ ಎಂಬ ತತ್ತ್ವಜ್ಞಾನಿ 1971ರಲ್ಲಿ ಪ್ರಕಟಿಸಿದ ನ್ಯಾಯತತ್ತ್ವದ ಗ್ರಂಥದಲ್ಲಿ ಒಂದು ಉಪಾಯ ಹೇಳುತ್ತಾನೆ. ಸಮಾಜದಲ್ಲಿ ನಾನು ಯಾವ ಸ್ಥಾನದಲ್ಲಿ ಹುಟ್ಟುತ್ತೇನೆಂದು ತಿಳಿಯದಂತೆ ಒಂದು ತೆರೆಯ ಹಿಂದೆ ನಿಂತು ನಿಯಮ ಮಾಡಿದರೆ ಅದು ನ್ಯಾಯದ ನಿಯಮ. 2016ರ ಜಿಯೊವನ್ನೂ ಇಂದಿನ ಜಿಯೊವನ್ನೂ ಎದುರುಬದುರು ಇಟ್ಟು ನೋಡಿ. ನಾಳೆ ನಾನು ಅಂಬಿಗನೋ, ಆಚೆ ದಡದ ಸಣ್ಣ ಅಂಗಡಿಯವನೋ, ತಲೆಹೊರೆ ಹೊತ್ತ ಪ್ರಯಾಣಿಕನೋ ಗೊತ್ತಿಲ್ಲ ಎಂದಾಗ ಯಾವ ನಿಯಮವನ್ನು ಆರಿಸಿಕೊಳ್ಳುತ್ತೇನೆ? ತಾಟಸ್ಥ್ಯವನ್ನೇ ಅಲ್ಲವೆ? ಅದು ಒಂದು ಕಂಪನಿಯ ವಿರುದ್ಧ ಮಾಡಿದ ನಿಯಮವಲ್ಲ. ಯಾವ ಕಾಲಕ್ಕೂ ಅಂದಂದಿನ ಚಿಕ್ಕವನನ್ನು ಕಾಯುವ ನಿಯಮ.

ಆದ್ದರಿಂದ ನನ್ನ ತೀರ್ಮಾನ ಇದು. ವಾಹಕನ ನಿಷ್ಪಕ್ಷಪಾತ ಅವನು ಮಾಡುವ ಸೌಜನ್ಯವಲ್ಲ. ನಮಗೆ ಬೇರೆ ದಾರಿ ಇಲ್ಲದಿರುವುದರಿಂದ ಅವನ ಮೇಲೆ ಬೀಳುವ ಋಣ. ಪೈಪೋಟಿ ಕಡಿಮೆಯಾದಷ್ಟೂ ಆ ಋಣ ಹೆಚ್ಚುತ್ತದೆ. ಪೈಪೋಟಿ ಇದ್ದರೆ ನಿಯಮ ಬೇಡವೆಂಬುದೂ, ನಿಯಮವಿದ್ದರೆ ಪೈಪೋಟಿ ಬೇಡವೆಂಬುದೂ ಎರಡೂ ಅರೆಸತ್ಯ. ಪೈಪೋಟಿಯಿಂದ ದರ ಇಳಿಯಬಹುದು. ಆದರೆ ಮೂವರು ಅಂಬಿಗರೂ ಅಳಿಯಂದಿರ ಅಂಗಡಿ ಇಟ್ಟರೆ ಪೈಪೋಟಿ ನಮ್ಮನ್ನು ಕಾಯದು. ನಿಯಮ ಪಕ್ಷಪಾತವನ್ನು ತಡೆಯಬಹುದು. ಆದರೆ ಇರುವ ಒಬ್ಬನೇ ಅಂಬಿಗ ಎಲ್ಲರಿಗೂ ಸಮನಾಗಿ ಬಾಡಿಗೆ ಏರಿಸಿದರೆ ತಾಟಸ್ಥ್ಯದ ನಿಯಮಕ್ಕೆ ಮಾತಿಲ್ಲ.

*

ಇದೆಲ್ಲ ದೊಡ್ಡವರ ವ್ಯವಹಾರ, ನಮ್ಮ ಕೈಲೇನಿದೆ ಎಂದು ಓದುಗರು ಕೇಳಬಹುದು. ನಮ್ಮ ಕೈಯಲ್ಲೂ ಒಂದು ಸಣ್ಣ ಕಡವು ಇದೆ. ಮುಂಬಯಿ, ಪುಣೆಗಳ ಅನೇಕ ಹೌಸಿಂಗ್ ಸೊಸೈಟಿಗಳಲ್ಲಿ ಕಟ್ಟಡದೊಳಗೆ ಕೇಬಲ್ ಎಳೆಯಲು ಒಬ್ಬನಿಗೇ ಅನುಮತಿ. ಬೇರೆಯವನು ಬಂದರೆ “ಗೋಡೆ ಕೆಡುತ್ತದೆ, ತಂತಿ ಜೋತಾಡುತ್ತದೆ” ಎಂಬ ನೆಪ. ಕೆಲವು ಕಡೆ ಆ ಒಬ್ಬನು ಸೊಸೈಟಿಯ ಹಬ್ಬಕ್ಕೆ ಚಂದಾ ಕೊಡುತ್ತಾನೆ, ಕಚೇರಿಗೆ ಪುಕ್ಕಟೆ ಸಂಪರ್ಕ ಕೊಡುತ್ತಾನೆ. ಕಮಿಟಿಯಲ್ಲಿ ಕುಳಿತವರು ನಮ್ಮಂಥ ಸಭ್ಯ ಗೃಹಸ್ಥರೇ. ದೆಹಲಿಯಲ್ಲಿ ನಡೆಯುವ ಏಕಸ್ವಾಮ್ಯವನ್ನು ಖಂಡಿಸುತ್ತ, ನಮ್ಮ ಮೆಟ್ಟಿಲಿನ ಕೆಳಗಿನ ಏಕಸ್ವಾಮ್ಯಕ್ಕೆ ಸಹಿ ಹಾಕಿಕೊಡುತ್ತೇವೆ. ಐವತ್ತು ಮನೆಗಳ ಆಯ್ಕೆಯನ್ನು ಗಣೇಶೋತ್ಸವದ ಒಂದು ಪೆಂಡಾಲಿಗೆ ಮಾರಿದಂತಾಯಿತು ಎಂದು ಆಗ ಯಾರಿಗೂ ಹೊಳೆಯುವುದಿಲ್ಲ.

ಮುಂದಿನ ವಾರ್ಷಿಕ ಸಭೆಯಲ್ಲಿ ಇದನ್ನು ಕಾರ್ಯಸೂಚಿಗೆ ಹಾಕಿಸಬಹುದು. ತಂತಿಗಳಿಗೆ ಒಂದು ಸಾಮಾನ್ಯ ಕೊಳವೆ ಮಾಡಿಸಿ, ನಿಯಮದಂತೆ ನಡೆಯುವ ಯಾರಿಗಾದರೂ ಒಂದೇ ಷರತ್ತಿನಲ್ಲಿ ಅವಕಾಶ ಕೊಡಬಹುದು. ಟ್ರಾಯ್ ಹೊರಡಿಸುವ ಸಮಾಲೋಚನಾ ಪತ್ರಗಳಿಗೆ ನಮ್ಮ ಸಂಘಗಳೂ ಉತ್ತರ ಬರೆಯಬಹುದು. ಹೊರನಾಡಿನ ಕನ್ನಡಿಗರಿಗೆ ಹೇಳಲು ತಮ್ಮದೇ ಆದ ಮಾತಿದೆ. ಪುಕ್ಕಟೆಯದು ಏನೇ ಬಂದರೂ ಅದರೊಂದಿಗೆ ಯಾವುದು ಮುಚ್ಚಿಹೋಗುತ್ತದೆ ಎಂದು ಮನೆಯ ಮಕ್ಕಳೊಂದಿಗೆ ಕುಳಿತು ಯೋಚಿಸಬಹುದು. ಹತ್ತು ಲಕ್ಷ ಕಾಗದಗಳು ಒಮ್ಮೆ ಒಂದು ದೊಡ್ಡ ಕಂಪನಿಯ ಮನಸ್ಸನ್ನು ಬದಲಿಸದಿದ್ದರೂ ದೇಶದ ನಿಯಮವನ್ನು ರೂಪಿಸಲು ನೆರವಾದವು. ಆ ಹತ್ತು ಲಕ್ಷದಲ್ಲಿ ಪ್ರತಿಯೊಂದನ್ನೂ ಬರೆದವರು ಒಬ್ಬೊಬ್ಬರೇ.